ಜಾನಕಮ್ಮ ಕೆಂಪಮ್ಮ ಅಂಡ್ ಕಂಪನಿ

ಹೆಂಡತಿ ಮಾಡಿದ ಸಾರನ್ನು ಮನೆಯೊಳಗೆ ಹೊಗಳಿದರೆ ಇನ್ನೊಂದು ಸೌಟು ಸಿಗುತ್ತದೆ. ಮನೆಯ ಹೊರಗೆ ಹೊಗಳಿದರೆ ವಕೀಲರ ಮನೆಗೆ ಅಲೆಯಬೇಕಾಗುತ್ತದೆ. ಇದು ಯಾವ ಸುಭಾಷಿತದಲ್ಲೂ ಇಲ್ಲ, ನನ್ನ ಸ್ವಂತ ಅನುಭವ. ನಾನು ಮದ್ದೂರಿನಲ್ಲಿ ಶಾಲೆಯ ಮೇಷ್ಟ್ರು. ಮೇಷ್ಟ್ರಾದವನಿಗೆ ಮಾತು ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದು, ಅಲ್ಲಿಗೆ ಊರೂರಿನಿಂದ ಗುಮಾಸ್ತರು ಬಂದು ಸೇರಿದ ಕಾಲ ಅದು. ಅವರೆಲ್ಲ ಸೇರಿ ಒಂದು ಊಟದ ಮೆಸ್ಸು ನಡೆಸುತ್ತಿದ್ದರು. ಒಂದು ಭಾನುವಾರ ನೆಂಟರ ಹುಡುಗನನ್ನು ನೋಡಲು ಹೋದ ನಾನು ಅಲ್ಲಿ ಊಟಕ್ಕೆ ಕುಳಿತೆ. ಸಾರು ಎಂಬ ಹೆಸರಿನಲ್ಲಿ ಬಿಸಿನೀರು ಬಡಿಸಿದರು. ಸುಮ್ಮನೆ ಉಂಡು ಎದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಮೆಸ್ಸಿನ ಮ್ಯಾನೇಜರನ್ನು ಕರೆದು, "ನಮ್ಮ ಮನೆಯ ಸಾರಿನಪುಡಿ ಒಂದು ಚಮಚ ಹಾಕಿ ನೋಡಿ, ಆಮೇಲೆ ಮಾತಾಡಿ" ಎಂದುಬಿಟ್ಟೆ.

ಆ ಪುಡಿಯ ಮೂಲ ನನ್ನ ಹೆಂಡತಿ ಜಾನಕಿಯ ತವರಾದ ಮಳವಳ್ಳಿ. ಅಲ್ಲಿ ನಮ್ಮ ಅತ್ತೆಯವರು ಮಗಳಿಗೆ ಕೊಟ್ಟ ಬಳುವಳಿಯಲ್ಲಿ ಇಂದಿಗೂ ಸವೆಯದೆ ಉಳಿದಿರುವುದು ಅದೊಂದೇ. ಜಾನಕಿ ಹದವಾಗಿ ಹುರಿಯುತ್ತಾಳೆ. ಕುಟ್ಟುವುದು ನಿಡಘಟ್ಟದ ಕೆಂಪಮ್ಮ. ಈಕೆ ಗಂಡ ತೀರಿಕೊಂಡ ಮೇಲೆ ಹೊಲವನ್ನು ತಾನೇ ನೋಡಿಕೊಳ್ಳುವ ಹೆಂಗಸು. ತನ್ನ ಹೊಲದ ಮೆಣಸಿನಕಾಯಿ, ಕೊತ್ತಂಬರಿ ಬೀಜ ತಂದುಕೊಟ್ಟು, ನಮ್ಮ ಹಿತ್ತಿಲ ಒರಳಿನಲ್ಲಿ ಒನಕೆ ಹಿಡಿದು ನಿಂತರೆ ಬೀದಿಯ ಕೊನೆಯ ಮನೆಯವರೆಗೂ ಸೀನು ಬರುತ್ತದೆ. ಒಂದು ಡಬ್ಬಿ ಪುಡಿ ಮೆಸ್ಸಿಗೆ ಹೋಯಿತು. ಮುಂದಿನ ವಾರ ಎರಡು ಕೇಳಿದರು. ಮೂರನೆಯ ವಾರ ಮ್ಯಾನೇಜರೇ ಬಂದರು. ತಿಂಗಳು ತಿಂಗಳೂ ಪುಡಿ ತೆಗೆದುಕೊಳ್ಳುವುದಕ್ಕೆ ಅವರ ಕಮಿಟಿ ಒಪ್ಪಿತ್ತಂತೆ. ಆದರೆ ರಿಜಿಸ್ಟರಾದ ಸಂಸ್ಥೆಯಿಂದ ಮಾತ್ರ ಕೊಳ್ಳಬೇಕೆಂದು ಕಮಿಟಿಯ ಕಟ್ಟಪ್ಪಣೆ. ತಿಂಗಳ ಕೊನೆಯೊಳಗೆ ಕಾಗದ ತೋರಿಸದಿದ್ದರೆ ಬೆಂಗಳೂರಿನ ವರ್ತಕನೊಬ್ಬನಿಗೆ ಕೊಟ್ಟುಬಿಡುತ್ತಾರಂತೆ.

ನನಗೇನೋ ಇದು ತಲೆನೋವೆನಿಸಿತು, ಬಿಟ್ಟುಬಿಡೋಣ ಎಂದೆ. ಸಂಜೆ ಜಾನಕಿ ತುಳಸಿಕಟ್ಟೆಯ ಬಳಿ ಕುಳಿತು, "ಇಷ್ಟು ವರ್ಷ ನಾನು ಮಾಡಿದ್ದನ್ನೆಲ್ಲ ನೀವೂ ಮಕ್ಕಳೂ ತಿಂದು ಕೈ ತೊಳೆದಿರಿ. ಅದು ಸಂತೋಷವೇ. ಆದರೂ ನಾನು ಮಾಡಿದ್ದು ಬೇಕು ಅಂತ ಹೊರಗಿನವರು ಮನೆ ಬಾಗಿಲಿಗೆ ಬಂದದ್ದು ಇದೇ ಮೊದಲು. ಇದೊಂದನ್ನು ನಡೆಸಿಕೊಡಿ" ಎಂದಳು. ಒಡವೆ ಕೇಳದವಳು, ಸೀರೆ ಕೇಳದವಳು, ಬಾಯಿ ಬಿಟ್ಟು ಕೇಳಿದ್ದು ಒಂದು ರಿಜಿಸ್ಟ್ರಿ ಕಾಗದವನ್ನು. ಆಗಲಿ ಎಂದೆ.

ಮಾರನೆಯ ದಿನದಿಂದಲೇ ನನ್ನ ತಲೆ ತಿರುಗತೊಡಗಿತು. ಶಾಲೆಗೆ ಹೋಗುವ ದಾರಿಯುದ್ದಕ್ಕೂ ನಾನು 'ಲಿಮಿಟೆಡ್ ಕಂಪನಿ'ಯೊಂದನ್ನು ಕಟ್ಟುತ್ತಿದ್ದೆ. ಅದಕ್ಕೆ ನಾನೇ ಮ್ಯಾನೇಜಿಂಗ್ ಡೈರೆಕ್ಟರು. ಉದ್ದ ಕೋಟು, ಜರಿ ಪೇಟ, ಮುಂದೆ ಮೇಜು, ಮೇಜಿನ ಮೇಲೆ ಗಂಟೆ. ಮಂಡ್ಯದ ನಮ್ಮ ಪರಿಚಯದ ವಕೀಲರು ಒಂದೇ ಮಾತಿನಲ್ಲಿ ಗಂಟೆ, ಮೇಜು, ಪೇಟ ಎಲ್ಲವನ್ನೂ ಕಿತ್ತುಕೊಂಡರು. "ನೀವು ಸರ್ಕಾರಿ ನೌಕರರು. ವ್ಯಾಪಾರ ಮಾಡೋ ಹಾಗಿಲ್ಲ" ಎಂದರು. ಸರ್ಕಾರಿ ನೌಕರ ಸಾರಿನಪುಡಿಯನ್ನು ತಿನ್ನಬಹುದು, ಮಾರಬಾರದು. ಹಾಗಾದರೆ ಸಹಕಾರ ಸಂಘ? "ಸಂಘಕ್ಕೆ ಸದಸ್ಯರು ಬೇಕು, ಅಧ್ಯಕ್ಷರು ಬೇಕು, ಕಾರ್ಯದರ್ಶಿ ಬೇಕು. ಅವರು ಜಗಳವಾಡಿ ಮುಗಿಸೋ ಹೊತ್ತಿಗೆ ನಿಮ್ಮ ಪುಡಿಗೆ ಹುಳ ಬಿದ್ದಿರುತ್ತೆ" ಎಂದರು. ಜಾನಕಿಯೊಬ್ಬಳ ಹೆಸರಿನಲ್ಲೇ ಮಾಡಿಸಿದರೆ? ಇದು ಸುಲಭವೆಂದು ವಕೀಲರೂ ಒಪ್ಪಿದರು. ಒಪ್ಪದವಳು ಜಾನಕಿ. "ಹುರಿದದ್ದು ನಾನಾದರೂ ಕುಟ್ಟಿದ್ದು ಕೆಂಪಮ್ಮ. ಅರ್ಧ ಕೆಲಸ ಮಾಡಿ ಇಡೀ ಪುಡಿ ನನ್ನದು ಅನ್ನಲೇ?" ಎಂದಳು. ಹೀಗೆ ಪಾಲುದಾರಿಕೆಯೆಂದು ನಿಶ್ಚಯವಾಯಿತು.

ಪಾಲುದಾರಿಕೆಯ ಪತ್ರ ಬರೆಯಲು ಕುಳಿತಾಗ ವಕೀಲರು, "ನಿಮ್ಮಿಬ್ಬರಿಗೂ ಜಗಳವಾದರೆ ಏನು ಮಾಡಬೇಕು ಅಂತ ಬರೆಯಲಿ?" ಎಂದು ಕೇಳಿದರು.

"ಜಗಳ ಆದ್ರೆ ಆಡ್ಕತೀವಿ ಸಾಮಿ," ಎಂದಳು ಕೆಂಪಮ್ಮ. "ಸಂಜೆ ಒತ್ಗೆ ಸರಿಯೋಯ್ತದೆ. ಅದನ್ನೂ ಯಾಕ್ ಬರೀತೀರಿ, ಬುಡಿ."

ವಕೀಲರು ಹಾಗೆ ಬಿಡುವ ಹಾಗಿರಲಿಲ್ಲ. ಜಗಳ, ಮರಣ, ದಿವಾಳಿ ಎಲ್ಲಕ್ಕೂ ಒಂದೊಂದು ಕಲಮು ಬರೆದರು. ಸಂಸ್ಥೆಯ ಹೆಸರನ್ನು ಓದಿ ಹೇಳಿದರು. 'ಜಾನಕಮ್ಮ ಕೆಂಪಮ್ಮ ಅಂಡ್ ಕಂಪನಿ.' ಕೆಂಪಮ್ಮ ಬೆರಳು ಮಡಿಸಿ ಲೆಕ್ಕ ಹಾಕಿ, "ಜಾನಕಮ್ಮೋರು ಸರಿ, ನಾನೂ ಸರಿ. ಈ ಕಂಪ್ನಿ ಅಂದ್ರೆ ಯಾರು?" ಎಂದಳು. "ಡಬ್ಬಿ ಹೊತ್ತುಕೊಂಡು ರೈಲಿನಲ್ಲಿ ಓಡಾಡುವವನು" ಎಂದು ನಾನು ಸಮಾಧಾನ ಹೇಳಿದೆ.

ರಿಜಿಸ್ಟ್ರಿಯ ದಿನ ಮೂವರೂ ಮಂಡ್ಯಕ್ಕೆ ಹೋದೆವು. ತಿಂಗಳು ಮುಗಿಯುತ್ತ ಬಂದಿತ್ತು. ಮರುದಿನದಿಂದ ಕಚೇರಿಗೆ ರಜೆ, ಆದ್ದರಿಂದ ಅಂದು ಆಗದಿದ್ದರೆ ಇಲ್ಲ. ಅಧಿಕಾರಿಗಳು ವಯಸ್ಸಾದವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುವವರು, ಕಾನೂನಿನ ಗೆರೆ ದಾಟದವರು. ಪತ್ರ ಓದಿಸಿದರು, ತಲೆಯಾಡಿಸಿದರು, ಜಾನಕಿಯ ಕಡೆ ತಿರುಗಿ, "ನಿಮ್ಮ ಹೆಸರು?" ಎಂದರು. ಹೇಳಿದಳು. "ಗಂಡನ ಹೆಸರು?"

ಜಾನಕಿ ನೆಲ ನೋಡಿದಳು.

ನಾನು, ವಕೀಲರು, ಇಷ್ಟೆಲ್ಲ ಓದಿದ ನಾವು, ಸಂಘವನ್ನೂ ಕಂಪನಿಯನ್ನೂ ತೂಗಿ ನೋಡಿದ ನಾವು, ಇದೊಂದನ್ನು ಯೋಚಿಸಿರಲಿಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಆತನ ಆಯುಸ್ಸು ಕಡಿಮೆಯಾಗುತ್ತದೆಂಬ ನಂಬಿಕೆ. ನನ್ನ ಹೆಸರು ವೆಂಕಟರಮಣಯ್ಯ. ಇದರಿಂದ ಜಾನಕಿ ದೇವರ ಹೆಸರನ್ನೂ ಹೇಳಲಾರದೆ, ಹರಕೆ ಹೊರುವಾಗಲೂ "ಬೆಟ್ಟದ ಮೇಲಿರೋ ತಂದೆ" ಎಂದು ಕೈಮುಗಿಯುತ್ತಾಳೆ. ನಾನು ಬಾಯಿ ತೆರೆದೆ. ಅಧಿಕಾರಿಗಳು ಕೈಯೆತ್ತಿದರು. "ನೀವು ಹೇಳಕೂಡದು. ಪಾಲುದಾರರೇ ಹೇಳಬೇಕು."

"ಪತ್ರದಲ್ಲಿ ಬರೆದಿದೆಯಲ್ಲ" ಎಂದಳು ಜಾನಕಿ, ಮೆಲ್ಲಗೆ.

"ಬರೆದಿರೋ ಮನುಷ್ಯರು ನೀವೇ ಅಂತ ನನಗೆ ಗೊತ್ತಾಗಬೇಡವೇನಮ್ಮ? ಬಾಯಲ್ಲಿ ಹೇಳಿ."

"ತಿರುಪತಿ ದೇವರ ಹೆಸರು" ಎಂದಳು.

"ಶ್ರೀನಿವಾಸಯ್ಯನೋ?" ಇಲ್ಲವೆಂದು ತಲೆಯಾಡಿಸಿದಳು. "ಗೋವಿಂದಯ್ಯ?" ಅದೂ ಅಲ್ಲ. ಸಾವಿರ ಹೆಸರಿನ ದೇವರನ್ನು ನೆಚ್ಚಿಕೊಂಡರೆ ಆಗುವ ಫಜೀತಿ ಇದು. ಅಧಿಕಾರಿಗಳು ಲೇಖನಿ ಕೆಳಗಿಟ್ಟು, "ಇದು ಒಗಟು ಬಿಡಿಸೋ ಜಾಗ ಅಲ್ಲಮ್ಮ. ಹೇಳಿದರೆ ರಿಜಿಸ್ಟ್ರಿ, ಇಲ್ಲದಿದ್ದರೆ ಇಲ್ಲ" ಎಂದು, "ನಿನ್ನ ಗಂಡನ ಹೆಸರು?" ಎಂದು ಕೆಂಪಮ್ಮನನ್ನು ಕೇಳಿದರು.

"ಅಲ್ಲ ಸಾಮಿ, ಯಾಪಾರ ಮಾಡೋರು ನಾವು. ಗಂಡನ ಎಸ್ರು ಕಟ್ಕಂಡು ನೀವೇನ್ ಮಾಡೀರಿ?" ಎಂದಳು ಕೆಂಪಮ್ಮ. ಅಧಿಕಾರಿಗಳು ಲೇಖನಿ ಮುಟ್ಟದೆ ಕಾಯುತ್ತಲೇ ಇದ್ದರು. ಜಾನಕಿಯ ಕಣ್ಣಲ್ಲಿ ನೀರು ತುಂಬಿತು. ಬೇಕೆಂದು ಕೇಳಿದ್ದ ಕಾಗದ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ನಡುವೆ ಅಡ್ಡವಾಗಿದ್ದವನು ನಾನು, ನನ್ನ ಆಯುಸ್ಸು. "ಹೋಗಲಿ ಬಿಡಿ, ಬೇಡ" ಎಂದಳು. ಹಾಳು ಆಯುಸ್ಸು ಹೋದರೆ ಹೋಗಲಿ, ಹೇಳೇ ಎಂದು ಕೂಗಬೇಕೆನಿಸಿತು.

ಅಷ್ಟರಲ್ಲಿ ಕೆಂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಜಾನಕಿಯ ಪಕ್ಕಕ್ಕೆ ಬಂದಳು.

"ಏಳುದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ನಾನೂ ಬಾಯಿ ಕಟ್ಕಂಡಿದ್ದೆ ಕಣಮ್ಮ. ಆದ್ರೂ ನಿಲ್ಲಿಲ್ಲ, ಒಂಟೋದ್ರು. ಒಂದ್ ಸಲ ಬಾಯ್ತುಂಬ ಕೂಗಿದ್ರೆ ತಿರುಗಿ ನೋಡೋರೋ ಏನೋ. ನಿಮ್ಮೋರು ಗುಂಡ್ಕಲ್ಲಂಗೆ ನಿಂತವ್ರೆ. ಏಳ್ಬುಡಿ." ಆಮೇಲೆ ಅಧಿಕಾರಿಗಳ ಕಡೆ ತಿರುಗಿ, ನೆಟ್ಟಗೆ ನಿಂತು, "ಬರ್ಕಳಿ ಸಾಮಿ. ಚಿಕ್ಕಲಿಂಗೇಗೌಡ್ರು" ಎಂದಳು. ಮತ್ತೆ ತನಗೇ ಹೇಳಿಕೊಂಡಂತೆ, "ಎಸ್ರು ಚೆಂದಾಗದೆ" ಎಂದಳು.

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಆಗ ಜಾನಕಿ ತಲೆಯೆತ್ತದೆ, "ವೆಂಕಟರಮಣಯ್ಯನವರು" ಎಂದಳು.

ನನ್ನ ಹೆಸರನ್ನು ಎಷ್ಟೋ ಜನ ಕರೆದಿದ್ದಾರೆ. ಹೆಡ್‌ಮಾಸ್ಟರು ಗದರಿಕೊಂಡು ಕರೆದಿದ್ದಾರೆ, ಕಿರಾಣಿ ಅಂಗಡಿಯವರು ನಡುಬೀದಿಯಲ್ಲಿ ಕರೆದಿದ್ದಾರೆ. ಅದೊಂದು ಸಾಧಾರಣ ಹೆಸರು, ನಮ್ಮ ಬೀದಿಯೊಂದರಲ್ಲೇ ಮೂವರಿದ್ದೇವೆ. ಅದು ಇಷ್ಟು ಒಳ್ಳೆಯ ಹೆಸರೆಂದು ನನಗೆ ಗೊತ್ತಾದದ್ದು ಆ ಕಚೇರಿಯಲ್ಲಿ. ಹೇಳಿದವಳು ತಕ್ಷಣ ತಿರುಗಿ, ಎಲ್ಲಿ ಕುಸಿದುಬಿದ್ದೆನೋ ಎಂಬಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಒಂದು ಸಲ ಕೆಮ್ಮಿ, ಜೀವಂತವಾಗಿರುವ ವಿಷಯವನ್ನು ತಿಳಿಸಿದೆ. ಒಬ್ಬಳು ರುಜು ಹಾಕಿದಳು, ಒಬ್ಬಳು ಹೆಬ್ಬೆಟ್ಟು ಒತ್ತಿದಳು, ಮುದ್ರೆ ಬಿತ್ತು.

ಸಂಜೆಯ ರೈಲಿಗೆ ಇಬ್ಬರನ್ನೂ ಹೆಂಗಸರ ಗಾಡಿಗೆ ಹತ್ತಿಸಿ, ನಾನು ಬಾಳೆಹಣ್ಣು ತರಲು ಹೋದೆ. ಅಲ್ಲಿ ಮೆಸ್ಸಿನ ಮ್ಯಾನೇಜರು ಸಿಕ್ಕಿದರು. ರಿಜಿಸ್ಟರಾದ ಸುದ್ದಿಯನ್ನು ಎರಡು ಮಾತಿನಲ್ಲಿ ಹೇಳಬಹುದಿತ್ತು. ನಾನು ಮೇಷ್ಟ್ರು, ಪೀಠಿಕೆಯಿಂದ ಶುರುಮಾಡಿದೆ. ಹಿಂದೆ ಸೀಟಿ ಕೇಳಿಸಿತು. "ರೀ! ರೀ!" ಎಂದು ಯಾರೋ ಕೂಗಿದರು. ಪ್ಲಾಟ್‌ಫಾರಮಿನಲ್ಲಿದ್ದ ಗಂಡಂದಿರೆಲ್ಲ ತಿರುಗಿ ನೋಡಿದರು, ನನ್ನೊಬ್ಬನನ್ನು ಬಿಟ್ಟು. ರೈಲು ಕದಲಿತು. ಆಗ ಕಿಟಕಿಯೊಂದರಿಂದ, ಮಂಡ್ಯದ ಜನರೆಲ್ಲ ಕೇಳುವಂತೆ, "ವೆಂಕಟರಮಣಯ್ಯನವರೇ!" ಎಂದು ಬಾಯ್ತುಂಬ ಕೂಗಿದ್ದು ಕೇಳಿಸಿತು.

ತಿರುಗಿ ನೋಡಿದೆ. ಕಿಟಕಿಯಲ್ಲಿ ಜಾನಕಿಯ ಮುಖ, ಬೀಸುವ ಕೈ. ನಾಲ್ಕು ಹೆಜ್ಜೆ ಓಡಿದ್ದರೆ ಸಾಕಿತ್ತು, ಸಿಗುತ್ತಿತ್ತು. ನಾನು ಓಡಲಿಲ್ಲ. ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು, ಇನ್ನೊಂದು ಸಲ ಕೂಗಿಯಾಳು ಎಂದು ನಿಂತುಬಿಟ್ಟೆ. ರೈಲು ಹೋಯಿತು.

ಕಬ್ಬು ಇಳಿಸಿ ಬರಿದಾಗಿ ಹಿಂದಿರುಗುತ್ತಿದ್ದ ಎತ್ತಿನ ಗಾಡಿಯೊಂದರಲ್ಲಿ ಹನಕೆರೆಯವರೆಗೆ ಕುಲುಕಿಕೊಂಡು ಬಂದು, ಅಲ್ಲಿ ಸಿಕ್ಕ ಬಸ್ಸಿಗೆ ಹತ್ತಿ, ಮನೆ ಸೇರಿದಾಗ ಜಾನಕಿ ಬಾಗಿಲಲ್ಲೇ ನಿಂತಿದ್ದಳು.

"ಅಷ್ಟು ಕೂಗಿದೆನಲ್ಲ, ಕೇಳಿಸಲಿಲ್ಲವೇ?"

"ಇಲ್ಲವಲ್ಲ" ಎಂದೆ, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು. "ಏನಂತ ಕೂಗಿದೆ?"

ಅವಳು ನನ್ನ ಸಪ್ಪೆ ಮುಖವನ್ನು ನೋಡಿದಳು. ಕೈಯಿಂದ ಬಾಳೆಹಣ್ಣು ತೆಗೆದುಕೊಂಡಳು.

"'ರೀ' ಅಂತ" ಎಂದು ಹೇಳಿ ಒಳಗೆ ಹೋದಳು.