‘ಲುಕ್ ಇನ್ಟು’ ಎಂಬ ಮಹಾಮಂತ್ರವೂ ನಮ್ಮ ಹೊಗೆಗೂಡೂ

ಇಂಗ್ಲಿಷರು ನಮ್ಮನ್ನು ಬಂದೂಕಿನ ಬಲದಿಂದ ಆಳಿದರೆಂದು ಚರಿತ್ರೆ ಬರೆಯುವವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರು ಆಳಿದ್ದು ಪುಟ್ಟ ಪುಟ್ಟ ಜೋಡಿಪದಗಳ ಬಲದಿಂದ. ಅವುಗಳಲ್ಲೆಲ್ಲ ಬಲಿಷ್ಠವಾದ ‘ಲುಕ್ ಇನ್ಟು’ ಎಂಬುದರೊಡನೆ ಸೆಣಸಿ ಗೆದ್ದ ಏಕೈಕ ಎಸ್ಟೇಟ್ ರೈಟರ್, ಅಂದರೆ ತೋಟದ ಗುಮಾಸ್ತ, ನಾನೇ ಎಂದು ವಿನಯದಿಂದ ತಿಳಿಸುತ್ತೇನೆ. ವಿನಯ ಸಾಲದೆನಿಸಿದರೆ ಓದುಗರು ಸ್ವಲ್ಪ ಬೆರೆಸಿಕೊಳ್ಳಬಹುದು.

ಆಗ ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯ. ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿದ್ದರೂ ಚೆಟ್ಟಳ್ಳಿ ಕಡೆಯ ನಮ್ಮ ತೋಟದ ಬಿಳಿಯ ದೊರೆಗೆ ಆ ಸುದ್ದಿ ಪೂರ್ತಿ ತಲುಪಿದಂತಿರಲಿಲ್ಲ. ಅವರು ನನಗೆ ಕೊಟ್ಟಿದ್ದ ಕ್ವಾರ್ಟರ್ಸಿನಲ್ಲಿ ಎಲ್ಲವೂ ಇತ್ತು, ಅಡುಗೆಮನೆಗೆ ಹೊಗೆಗೂಡೊಂದನ್ನು ಬಿಟ್ಟು. ಒಲೆಗೆ ಸಿಗುತ್ತಿದ್ದುದೋ ಕಾಫಿ ಗಿಡ ಸವರಿದಾಗ ಬಿದ್ದ ಹಸಿ ಕೊಂಬೆ. ಅದರ ಹೊಗೆ ಮನೆಯೆಲ್ಲ ಸುತ್ತಾಡಿ ಕೊನೆಗೆ ನನ್ನ ಕೋಟಿನೊಳಗೆ ವಿಶ್ರಮಿಸುತ್ತಿತ್ತು. ನಾನು ಆಫೀಸು ಮುಟ್ಟುವ ಮೊದಲೇ ನನ್ನ ವಾಸನೆ ಹೋಗಿ ಹಾಜರಿ ಹಾಕಿರುತ್ತಿತ್ತು.

ದೊರೆಯ ಹತ್ತಿರ ಅಹವಾಲು ಒಯ್ದಾಗಲೆಲ್ಲ ಅವರು ಬಾಯಿಂದ ಪೈಪು ತೆಗೆದು, “ಐ ವಿಲ್ ಲುಕ್ ಇನ್ಟು ಇಟ್, ರೈಟರ್” ಎನ್ನುತ್ತಿದ್ದರು. ಅದೆಷ್ಟು ಮೃದುವಾಗಿ! ಹೊಗೆಗೂಡನ್ನು ಕಂಕುಳಲ್ಲಿ ಇಟ್ಟುಕೊಂಡವನಂತೆ ನಾನು ಮನೆಗೆ ಬರುತ್ತಿದ್ದೆ.

“ಏನಂದ್ರು ರೀ?” ಎನ್ನುತ್ತಿದ್ದಳು ನನ್ನ ಹೆಂಡತಿ ಶಾರದೆ.

“ನೋಡ್ತಾರಂತೆ.”

ಒಂದು ದಿನ ಅವಳು ಊದುಕೊಳವೆ ನೆಲಕ್ಕಿಟ್ಟು ಹೇಳಿದಳು: “ಅವರು ನೋಡ್ತಾನೇ ಇರ್ಲಿ. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯೋದ್ರೊಳಗೆ ಹೊಗೆಗೂಡು ಆಗ್ಲಿಲ್ಲ ಅಂದ್ರೆ ನಾನು ಕುಶಾಲನಗರಕ್ಕೆ ಅಮ್ಮನ ಮನೆಗೆ ಹೊರಟೆ. ನೀವೇ ಊದ್ಕೊಂಡು ಬೇಯಿಸ್ಕೊಳಿ.”

ನನಗೆ ಬೇಯಿಸಲು ಬರುತ್ತಿದ್ದುದು ನೀರು ಮಾತ್ರ. ಅದೂ ಒಮ್ಮೆ ಸೀದಿತ್ತು.

ಶತ್ರುವನ್ನು ಗೆಲ್ಲಬೇಕಾದರೆ ಮೊದಲು ಅವನ ಕುಲಗೋತ್ರ ತಿಳಿಯಬೇಕಲ್ಲ? ಅಮ್ಮತ್ತಿ ಸಂತೆಯಲ್ಲಿ ಸಿಕ್ಕ ನಿವೃತ್ತ ಇಂಗ್ಲಿಷ್ ಮಾಸ್ತರರನ್ನು ವಿಚಾರಿಸಿದೆ. ಬದನೆಕಾಯಿ ಆರಿಸುತ್ತಲೇ ಅವರು ಬೋಧಿಸಿದರು: “ನೋಡಿ ರೈಟ್ರೇ, ಇಂಗ್ಲಿಷಿನಲ್ಲಿ ಉದ್ದುದ್ದ ಪದಗಳೆಲ್ಲ ಲ್ಯಾಟಿನ್ ಕಡೆಯಿಂದ ಬಂದ ನೆಂಟರು. ಲುಕ್, ಇನ್ಟು ಎರಡೂ ಮನೆಮಕ್ಕಳು. ನೋಡು, ಒಳಕ್ಕೆ, ಅಷ್ಟೆ. ಒಳಹೊಕ್ಕು ವಿಚಾರಿಸೋದು ಅಂತ ಅರ್ಥ.”

“ವಿಚಾರಿಸಿದ ಮೇಲೆ?”

“ಮೇಲೆ ಏನಾಗುತ್ತೆ ಅಂತ ಆ ಪದದಲ್ಲಿ ಇಲ್ಲ,” ಎಂದು ಬದನೆಕಾಯಿಯೊಂದನ್ನು ವಾಪಸು ಬುಟ್ಟಿಗೆ ಹಾಕಿದರು.

ದಾರಿಯುದ್ದಕ್ಕೂ ಯೋಚಿಸಿದೆ. ಈ ಪದವನ್ನು ಮೊದಲು ಉಚ್ಚರಿಸಿದ ಇಂಗ್ಲಿಷ್‌ಮನ್ ಬಹುಶಃ ಬಾವಿಯೊಂದರೊಳಗೆ ಇಣುಕಿ, ತನ್ನದೇ ಮುಖ ಕಂಡು, ತೃಪ್ತನಾಗಿ ಊಟಕ್ಕೆ ಹೋಗಿರಬೇಕು. ಈ ಸಂಶೋಧನೆಯನ್ನು ಶಾರದೆಗೆ ಒಪ್ಪಿಸಿದೆ. ಅವಳು ಕೇಳಿದ್ದು ಒಂದೇ: “ದೊರೆ ಕಾಫಿ ಕುಡೀತಾರಾ?”

ಹೊಸ ಬೆಳೆಯ ಕಾಫಿ ರುಚಿ ನೋಡಿ ಎಂದರೆ ಯಾವ ಪ್ಲಾಂಟರೂ ಒಲ್ಲೆ ಎನ್ನಲಾರ. ಮರುದಿನ ಬೆಳಗಿನ ಸುತ್ತಿನಲ್ಲಿದ್ದ ದೊರೆಯನ್ನು ಕರೆದೆ. ಟೋಪಿ ತೆಗೆದು ಬಂದರು. ಶಾರದೆ ಅಡುಗೆಮನೆಯ ಬಾಗಿಲಿಗೇ ಕುರ್ಚಿ ಹಾಕಿದಳು. “ಬನ್ನಿ ದೊರೆ, ಕೂತ್ಕೊಳಿ. ಈಗ ಬಂತು ಕಾಫಿ.” ಚಳಿಯೆಂದು ಕಿಟಕಿ ಮುಚ್ಚಿದಳು. ಒಲೆಗೆ ಎರಡು ಹಸಿ ಕೊಂಬೆ ತುರುಕಿದಳು. ಕಾಫಿ ಈಗ ಬರಲಿಲ್ಲ. ಹೆಂಗಸೊಬ್ಬಳು ಕೂರಿಸಿದ ಮೇಲೆ ಬಟ್ಟಲು ಬರುವ ಮುನ್ನ ಏಳುವುದು ದೊರೆಗಳ ಮರ್ಯಾದೆಯಲ್ಲ. ಸಾಮ್ರಾಜ್ಯ ಕುಳಿತೇ ಇತ್ತು. ಮುಖ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿತು, ಕಣ್ಣಿಂದ ಧಾರೆ.

“ರೈಟರ್! ಯಾವಾಗಲೂ ಹೀಗಾ?”

“ಇಲ್ಲ ದೊರೆ. ಸಂಜೆ ಇನ್ನೂ ಜಾಸ್ತಿ.”

ಮಧ್ಯಾಹ್ನದ ಊಟಕ್ಕೆ ಮೊದಲೇ ಗಾರೆಯವನು ಇಟ್ಟಿಗೆಯೊಂದಿಗೆ ಹಾಜರಾದ. ದಿಲ್ಲಿಯಲ್ಲಿ ಇಂಗ್ಲಿಷರ ಬಾವುಟ ಇಳಿದದ್ದನ್ನು ನಾನು ನೋಡಿರಲಿಲ್ಲ. ನಮ್ಮ ಮನೆಯ ಹೊಗೆ ನೆಟ್ಟಗೆ ಆಕಾಶಕ್ಕೇರಿದ್ದನ್ನು ಅಂಗಳದಲ್ಲಿ ಕೈಕಟ್ಟಿ ನಿಂತು ನೋಡಿದೆ. ಶಾರದೆ ಕುಶಾಲನಗರಕ್ಕೆ ಹೋಗಲಿಲ್ಲ. ಈ ಜಯ ನನ್ನ ಭಾಷಾ ಸಂಶೋಧನೆಯ ಫಲವೆಂದು ತೋಟದಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಮೊನ್ನೆ ಅವಳು, “ರೀ, ಹಿತ್ತಿಲ ಬಾಗಿಲು ಕಿತ್ತುಬಂದಿದೆ, ಎರಡು ಮೊಳೆ ಹೊಡೀರಿ” ಎಂದಳು. ಪೈಪು ಇಲ್ಲದ್ದರಿಂದ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ಅತ್ಯಂತ ಮೃದುವಾಗಿ, “ಐ ವಿಲ್ ಲುಕ್ ಇನ್ಟು ಇಟ್” ಎಂದೆ.

ಅವಳು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಹಾಕಿದಳು. ಕಿಟಕಿ ಮುಚ್ಚಿದಳು. ಹೊಗೆಗೂಡಿನ ಬಾಯಿಗೆ ಒಂದು ಹಳೇ ಗೋಣಿಚೀಲ ತುರುಕಿದಳು.

“ಬನ್ನಿ ದೊರೆ, ಕೂತ್ಕೊಳಿ. ಈಗ ಬಂತು ಕಾಫಿ.”

ಸುತ್ತಿಗೆ ಎಲ್ಲಿದೆ ಎಂದು ಕೇಳಿದೆ.