ಬ್ಯಾಂಕಾಕ್ ವೆಂಕಟರಾಮಪ್ಪನ ಜ್ವರ

ವೆಂಕಟರಾಮಪ್ಪ: ಬರ್ಕೋಬೇಡ ಮುನಿರತ್ನಮ್ಮ! ಪೆನ್ನು ಕೆಳಗಿಡು!

ಲಕ್ಷ್ಮೀದೇವಮ್ಮ: ನೀನು ಬರ್ಕೊಳಮ್ಮ. ಬ್ಯಾಂಕಾಕ್. ದಪ್ಪಕ್ಷರದಲ್ಲಿ ಬರಿ.

ನಂದಗುಡಿಯ ಆಶಾ ಕಾರ್ಯಕರ್ತೆ ಮುನಿರತ್ನಮ್ಮ ಜ್ವರ ಸಮೀಕ್ಷೆಯ ಫಾರಂ ಹಿಡಿದು ನಡುಮನೆಯಲ್ಲಿ ಕೂತಿದ್ದಳು. ಎದುರಿಗೆ ಕಂಬಳಿಯೊಳಗೆ ವೆಂಕಟರಾಮಪ್ಪ. ಗೊಬ್ಬರದ ಕಂಪನಿಯವರ ಪುಕ್ಕಟೆ ಪ್ರವಾಸದಲ್ಲಿ ಬ್ಯಾಂಕಾಕನ್ನು ಜಯಿಸಿ ಹನ್ನೆರಡು ದಿನದ ಹಿಂದೆ ಮರಳಿದ, ಈಗ ಮೂರು ದಿನದಿಂದ ನಡುಗುತ್ತಿರುವ ವೀರ. ಬರುವ ಭಾನುವಾರ ಹಾಲಿನ ಡೇರಿಯಲ್ಲಿ ಆತನಿಗೆ ಶಾಲು, ಪೇಟ, ಸನ್ಮಾನ. ಪಕ್ಕದಲ್ಲಿ ಆ ವೀರನ ಕೀರ್ತಿಯನ್ನು ಮನೆಮನೆಗೂ ಮುಟ್ಟಿಸಿದ ಧರ್ಮಪತ್ನಿ.

ಮುನಿರತ್ನಮ್ಮ: ವಿದೇಶದಿಂದ ಬಂದೋರಿಗೆ ಜ್ವರ ಬಂದ್ರೆ ಜೀಕಾ ಪರೀಕ್ಷೆ ಆಗ್ಲೇಬೇಕಣ್ಣ. ಅಲ್ಲಿ ಸೊಳ್ಳೆ ಕಚ್ತಾ?

ವೆಂಕಟರಾಮಪ್ಪ: ಅಲ್ಲಿ ಸೊಳ್ಳೇನೇ ಇಲ್ಲಮ್ಮ.

ಲಕ್ಷ್ಮೀದೇವಮ್ಮ: ಬಂದ ದಿನ ಬೆನ್ನೆಲ್ಲಾ ದದ್ದು! ಎಣ್ಣೆ ಹಚ್ಚಿದೋಳು ನಾನು.

ವೆಂಕಟರಾಮಪ್ಪ: ಅದು ಅಲ್ಲಿನ ಊಟ ಒಗ್ಗದೆ ಬಂದಿದ್ದು.

ಮುನಿರತ್ನಮ್ಮ: ಏನು ಊಟ ಮಾಡಿದ್ರಿ?

ವೆಂಕಟರಾಮಪ್ಪ: ಮುದ್ದೆ.

ಲಕ್ಷ್ಮೀದೇವಮ್ಮ: ಬ್ಯಾಂಕಾಕಲ್ಲಿ ಮುದ್ದೆನಾ?

ವೆಂಕಟರಾಮಪ್ಪ: ನಮ್ಮೋರು ಎಲ್ಲಿಲ್ಲ ಹೇಳು!

ಮುನಿರತ್ನಮ್ಮ: ಹೋಗ್ಲಿ, ಪಾಸ್‌ಪೋರ್ಟ್ ಕೊಡಣ್ಣ. ಹೋದ ದಿನ, ಬಂದ ದಿನ ಬರ್ಕೋಬೇಕು.

ವೆಂಕಟರಾಮಪ್ಪ: ಅದು... ಕಳ್ದೋಗಿದೆ.

ಲಕ್ಷ್ಮೀದೇವಮ್ಮ: ಕಳ್ದೋಗೋಕೆ ಬಿಡ್ತೀನಾ? ದೇವ್ರ ಮನೇಲಿಟ್ಟಿದ್ದೀನಿ!

ಕಂಬಳಿ ಮೂಗಿನವರೆಗೆ ಏರಿತು. ಪಾಸ್‌ಪೋರ್ಟ್ ಹೂವಿನ ಸಮೇತ ಬಂತು. ಮುನಿರತ್ನಮ್ಮ ಹಾಳೆ ತಿರುವಿದಳು, ಇನ್ನೊಮ್ಮೆ ತಿರುವಿದಳು.

ಮುನಿರತ್ನಮ್ಮ: ಅಣ್ಣ, ಒಂದು ಸೀಲೂ ಇಲ್ವಲ್ಲ. ಅಕ್ಕ ಇಟ್ಟಿರೋ ಕುಂಕುಮ ಬಿಟ್ರೆ ಎಲ್ಲಾ ಖಾಲಿ.

ವೆಂಕಟರಾಮಪ್ಪ: ಪಾಸ್‌ಪೋರ್ಟಿಗೆ ಆರು ತಿಂಗಳು ಆಯಸ್ಸು ಬಾಕಿ ಇರ್ಬೇಕಂತೆ ಕಣಮ್ಮ, ನಂದಕ್ಕೆ ನಾಲ್ಕೇ ಇತ್ತು. ಏರ್‌ಪೋರ್ಟಿಂದ ವಾಪಸ್ ಕಳಿಸ್ಬಿಟ್ರು. ಊರೋರು ಹಾರ ಹಾಕಿ ಕಳಿಸಿದ್ರಲ್ಲ, ಯಾವ ಮುಖ ಹೊತ್ಕೊಂಡು ಬರ್ಲಿ? ದೇವನಹಳ್ಳೀಲಿ ಅಪ್ಪಯ್ಯಣ್ಣನ ಚಕೋತ ತೋಟದ ಪಂಪ್‌ಹೌಸಲ್ಲಿ ಐದು ದಿನ ಬಿದ್ಕೊಂಡಿದ್ದೆ.

ಲಕ್ಷ್ಮೀದೇವಮ್ಮ: ಸುಳ್ಳು! ಫೋನಲ್ಲಿ ವಿಮಾನದ ಸದ್ದು ಕೇಳಿಸ್ತಿತ್ತು!

ವೆಂಕಟರಾಮಪ್ಪ: ಹತ್ತು ನಿಮಿಷಕ್ಕೊಂದು ತಲೆ ಮೇಲೇ ಹೋಗ್ತಿತ್ತು ಕಣೇ.

ಲಕ್ಷ್ಮೀದೇವಮ್ಮ: ಹಂಗಾದ್ರೆ ಅಲ್ಲಿಂದ ತಂದಿದ್ದು ಅಂತ ಟೀವಿ ಹತ್ರ ನೀರಲ್ಲಿಟ್ಟಿರೋ ಬ್ಯಾಂಕಾಕ್ ಬಿದಿರು?

ವೆಂಕಟರಾಮಪ್ಪ: ದೇವನಹಳ್ಳಿ ನರ್ಸರೀದು.

ಮುನಿರತ್ನಮ್ಮ ಎದ್ದುಹೋಗಿ, ಬಿದಿರು ನಿಲ್ಲಿಸಿದ್ದ ಗಾಜಿನ ಜಾಡಿಯೊಳಗೆ ಟಾರ್ಚ್ ಬಿಟ್ಟಳು.

ಮುನಿರತ್ನಮ್ಮ: ಅಕ್ಕ, ಈ ನೀರು ಯಾವಾಗ ಬದಲಾಯ್ಸಿದ್ದು?

ಲಕ್ಷ್ಮೀದೇವಮ್ಮ: ಫಾರಿನ್ ನೀರು ಅಂತ ಒಂದು ಹನೀನೂ ಚೆಲ್ಲಿಲ್ಲಮ್ಮ. ಅದರಲ್ಲಿ ಪುಟಾಣಿ ಮೀನು ಬೇರೆ ಆಗವೆ. ದಿನಾ ಅಕ್ಕಿನುಚ್ಚು ಹಾಕ್ತೀನಿ.

ಮುನಿರತ್ನಮ್ಮ: ಅಯ್ಯೋ, ಮೀನಲ್ಲಕ್ಕ, ಸೊಳ್ಳೆ ಮರಿ! ನಾನು ಊರೆಲ್ಲಾ ಅಲೆದು ಇವನ್ನ ಹುಡುಕಿ ಚೆಲ್ತಾ ಇದ್ರೆ, ನೀವು ಊಟ ಹಾಕಿ ಸಾಕ್ತಿದ್ದೀರಾ?

ಕಂಬಳಿ ಹಾರಿ ಬಿತ್ತು. ಜ್ವರಪೀಡಿತ ವೀರ ಯುದ್ಧಸನ್ನದ್ಧನಾಗಿ ಎದ್ದು ಕೂತ.

ವೆಂಕಟರಾಮಪ್ಪ: ಕೇಳಿಸ್ತೇನೇ? ನನ್ನ ಕಚ್ಚಿರೋದು ಅಪ್ಪಯ್ಯಣ್ಣನ ತೋಟದ ಸೊಳ್ಳೆಯಲ್ಲ, ನೀನು ನುಚ್ಚು ಹಾಕಿ ಬೆಳೆಸಿದ್ದು!

ಲಕ್ಷ್ಮೀದೇವಮ್ಮ: ಆ ಜಾಡಿ ತಂದೋರು ಯಾರು?

ಮುನಿರತ್ನಮ್ಮ: ಸಾಕು ನಿಲ್ಸಿ. ರಕ್ತ ಪರೀಕ್ಷೆ ಮಾಡಿದ್ರೆ ಕಾಯಿಲೆ ಯಾವ್ದು ಅಂತ ಗೊತ್ತಾಗುತ್ತೆ, ಸೊಳ್ಳೆ ಯಾರ್ದು ಅಂತ ಗೊತ್ತಾಗಲ್ಲ. ಎದ್ದೇಳಣ್ಣ, ಆಸ್ಪತ್ರೆಗೆ ಹೋಗಣ. ಜೀಕಾನೋ ಡೆಂಗ್ಯೂನೋ ಡಾಕ್ಟ್ರು ನೋಡ್ಲಿ.

ಆಕೆ ಫಾರಂನಲ್ಲಿ ಬ್ಯಾಂಕಾಕನ್ನು ಹೊಡೆದುಹಾಕಿ ‘ದೇವನಹಳ್ಳಿ, ಪಂಪ್‌ಹೌಸ್’ ಎಂದು ಬರೆದಳು. ಜಾಡಿಯ ನೀರನ್ನು ಅಂಗಳದ ಬಿಸಿಲಿಗೆ ಸುರಿದಳು.

ವೆಂಕಟರಾಮಪ್ಪ: ಲೇ, ಭಾನುವಾರದ ಸನ್ಮಾನ ಬೇಡ ಅಂತ ಡೇರಿಯೋರಿಗೆ ಹೇಳ್ಬಿಡೇ.

ಲಕ್ಷ್ಮೀದೇವಮ್ಮ: ಯಾಕೆ ಬೇಡ? ಆಗ್ಲಿ. ಶಾಲಿನ ಬದ್ಲು ಸೊಳ್ಳೆಪರದೆ ಹೊದಿಸಿ ಅಂತ ನಾನೇ ಹೇಳ್ತೀನಿ.

ವೆಂಕಟರಾಮಪ್ಪ: ಹಂಗಾದ್ರೆ ಡಬಲ್ ಮಂಚದ್ದೇ ತರ್ಸು. ಮೀನು ಸಾಕಣೆ ಮಾಡಿದೋರಿಗೂ ಅದನ್ನೇ ಹೊದಿಸ್ಲಿ!