ಯಾವ ಬಿಳಿ?

ನಮ್ಮ ಸೋದರಮಾವನಿಗೆ ಕಾಗೆ ತೋರಿಸಿ "ಎಷ್ಟು ಕಪ್ಪಗಿದೆ ನೋಡಿ ಮಾವ" ಎಂದು ಯಾರೂ ಹೇಳಬಾರದು. ಹೇಳಿದಿರೋ, ಕೆಟ್ಟಿರಿ! "ಯಾವ ಕಪ್ಪು?" ಎಂದು ಕೇಳುತ್ತಾರೆ. ನೀವು ತಬ್ಬಿಬ್ಬಾದರೆ ಪಾಠ ಶುರುವಾಗುತ್ತದೆ. ಕಾಗೆಯ ಕತ್ತಿನಲ್ಲಿರುವುದು ಒಂದು ಕಪ್ಪಂತೆ, ರೆಕ್ಕೆಯದು ಇನ್ನೊಂದಂತೆ, ಬಿಸಿಲಿಗೆ ತಿರುಗಿದಾಗ ಬೆನ್ನ ಮೇಲೆ ಓಡುವುದು ಕಪ್ಪೇ ಅಲ್ಲವಂತೆ. ಅಷ್ಟರಲ್ಲಿ ಕಾಗೆ ಹಾರಿಹೋಗಿರುತ್ತದೆ. ನೀವು ಹಾಗೆ ಹಾರುವಂತಿಲ್ಲ, ಅವರು ನಿಮ್ಮ ಮುಂಗೈ ಹಿಡಿದುಕೊಂಡಿರುತ್ತಾರೆ.

ಇದು ಹುಚ್ಚಲ್ಲ, ಕಸುಬು. ಕೊಳ್ಳೇಗಾಲದ ರೇಷ್ಮೆ ಸೀರೆಗಳಿಗೆ ಯಾವ ಒಡಲಿಗೆ ಯಾವ ಅಂಚು, ಯಾವ ಸೆರಗು ಎಂದು ಬಣ್ಣ ಹೊಂದಿಸಿಕೊಡುವುದರಲ್ಲೇ ಅವರ ಆಯಸ್ಸು ಕಳೆಯಿತು. ಮದುವೆ ಸೀರೆ ಹುಡುಕಿಕೊಂಡು ಬಂದ ಹೆಣ್ಣುಮಕ್ಕಳನ್ನೆಲ್ಲ ಕೂರಿಸಿ, "ನಿಂಗ್ಯಾವ ಬಣ್ಣ ಇಷ್ಟ, ನಾಚ್ಕಬ್ಯಾಡ ಏಳವ್ವ" ಎಂದು ಕೇಳುತ್ತಿದ್ದರು. ಆ ಬಾಯಿಂದ ಹಾಗೆ ಕೇಳಿಸಿಕೊಂಡವರು ಬೇರೆ ಅಂಗಡಿಗೆ ಹೋದದ್ದನ್ನು ನಾನು ಕಾಣೆ. ಸೀರೆ ಆರಿಸಲು ಅವರದು ಒಂದೇ ಕಾನೂನು. ದೀಪದ ಕೆಳಗೆ ಬಣ್ಣ ನೋಡಬಾರದು. ಸೀರೆ ಎತ್ತಿಕೊಂಡು ಬಾಗಿಲಿಗೆ ಬರಬೇಕು, ಹಗಲ ಬೆಳಕಿಗೆ ಬಿಡಿಸಿ ಹಿಡಿಯಬೇಕು, ಎದ್ದು ಕಾಣುತ್ತದೋ ಇಲ್ಲವೋ ನೋಡಬೇಕು. ಅವರಿಗೆ ಕಲಿಸಿದವರ ಕಾನೂನೂ ಅದೇ, ಕೊಳ್ಳೇಗಾಲದಲ್ಲಿ ಎಲ್ಲರ ಕಾನೂನೂ ಅದೇ. ಈ ಕಾನೂನೇ ಮುಂದೆ ನಮ್ಮ ಅತ್ತೆಯ ಅಡುಗೆಮನೆಗೆ ಶನಿಯಾಗಿ ವಕ್ಕರಿಸೀತೆಂದು ಯಾರು ಕಂಡಿದ್ದರು?

ಅಡುಗೆಮನೆ ಎಂದರೆ ಎಷ್ಟು ದೊಡ್ಡದು ಅಂತೀರಿ? ಅತ್ತೆ ಒಲೆ ಮುಂದೆ ನಿಂತು ಹಿಂದಕ್ಕೆ ಕೈ ಚಾಚಿದರೆ ಉಪ್ಪಿನ ಜಾಡಿ ಸಿಗುತ್ತಿತ್ತು, ಅಷ್ಟು. ಇದ್ದ ಒಂದು ಕಿಟಕಿಗೆ ಪಕ್ಕದವರು ತಮ್ಮ ಗೋಡೆ ಎಬ್ಬಿಸಿದ ಮೇಲೆ ಹಗಲಿನಲ್ಲೂ ಟ್ಯೂಬ್‌ಲೈಟೇ ಗತಿ. ತೆರೆದ ಕಡಪ ಕಲ್ಲಿನ ಹಲಗೆಗಳ ಮೇಲೆ ಡಬ್ಬಗಳು, ಡಬ್ಬಗಳ ಮೇಲೆ ಜಿರಳೆಗಳು. ಅತ್ತೆ ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ. ಕೊನೆಗೂ ಒಂದು ದಿನ ಕೇಳಿದರು. "ಈ ಹಲಗೆಗಳಿಗೆ ಒಂದು ಬಾಗ್ಲು ಮಾಡ್ಸಿ. ಬಿಳೀದು ಆಕ್ಸಿ. ನಂಗೆ ಕಣ್ಣು ಮಂಜು, ಬಿಳೀದಾದ್ರೆ ಒಸಿ ಬೆಳಕಾಯ್ತದೆ."

ಮಾವ ನಕ್ಕರು. "ಬಿಳಿ ಅನ್ನೋದು ಬಣ್ಣವೇ ಅಲ್ಲ ಕಣೆ. ಅದು ಬಣ್ಣ ಆಕೋಕೆ ಮುಂಚಿನ ನೂಲು."

ಅತ್ತೆ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದರು. ಮಾತು ಮುಗಿಯಿತು ಎಂದು ಮಾವ ತಿಳಿದರು.

ಮಾರನೆಯ ದಿನ ಆಚಾರಿ ಬಂದ. ಮರಗೆಲಸದಲ್ಲಿ ಪಳಗಿದವನು, ಮಾತು ಕಡಿಮೆ. ಅವನ ಕೈಯಲ್ಲಿ, ಬಾಗಿಲ ಮೇಲೆ ಹಾಕುವ ಮೈಕಾ ಹಾಳೆಯ ಚೂರುಗಳನ್ನು ಅಂಟಿಸಿದ ದಪ್ಪ ಪುಸ್ತಕ. ಮಾವ ಅದನ್ನು ತಿರುವಿ ಹಾಕಿ ಬದಿಗಿಟ್ಟರು.

"ಕರ್ಚೀಪು ನೋಡಿ ಯಾರಾದ್ರೂ ಸೀರೆ ತಗತಾರೇನಯ್ಯ? ದೊಡ್ಡ ತುಂಡು ತತ್ತಾ. ಕೆಳಗಿನ ಬಾಗಿಲು ಒಡಲು, ಮೇಲಿನವು ಸೆರಗು. ಮಧ್ಯೆ ಕಲ್ಲಿನ ಅಂಚು ಬತ್ತದೆ. ಮೂರೂ ಒಂದಕ್ಕೊಂದು ಮಾತಾಡ್ಬೇಕು."

"ಸಾ, ಇದು ಅಡುಗೆಮನೆ," ಎಂದ ಆಚಾರಿ.

"ಅದ್ಕೇ ಏಳ್ತಿರೋದು. ಸೀರೆನ ಬಿಚ್ಚಿ ಮಡಿಸಿಡಬೋದು. ಇದನ್ನ ಮಡಿಸೋಕಾಯ್ತದಾ?"

ಆಚಾರಿ ಪುಸ್ತಕವನ್ನು ಮಡಿಸಿಕೊಂಡು ಹೋದ. ಆ ಪುಸ್ತಕದಲ್ಲಿದ್ದ ಇಂಗ್ಲಿಷ್ ಹೆಸರುಗಳನ್ನೆಲ್ಲ ಮಾವ ಆಗಲೇ ತೆಗೆದುಹಾಕಿ ಈರುಳ್ಳಿ ಸಿಪ್ಪೆ, ಮಾವಿನ ಚಿಗುರು, ಬದನೆಕಾಯಿ, ಗಿಣಿ ಹಸಿರು ಎಂದು ಮರುನಾಮಕರಣ ಮಾಡಿದ್ದರು. ಪಾಪ, ಆಚಾರಿ ಅಂಗಡಿಗೆ ಹೋಗಿ ಬದನೆಕಾಯಿ ಕೇಳಿ ಬೈಸಿಕೊಂಡನಂತೆ.

ಆಗ ನನಗೆ ಬುಲಾವ್ ಬಂತು. ನನ್ನ ಕೆಲಸ ಯಳಂದೂರಿನಲ್ಲಿ, ನನ್ನ ಬಳಿ ಬೈಕಿದೆ, ಭಾನುವಾರ ರಜವಿದೆ. ಮಾವನ ಲೆಕ್ಕದಲ್ಲಿ ಸೋದರಳಿಯನಿಗೆ ಇಷ್ಟು ಯೋಗ್ಯತೆ ಸಾಕು. ಹನೂರಿನಲ್ಲಿ ನಮ್ಮ ನೆಂಟರೊಬ್ಬರು ಹೊಸದಾಗಿ ಅಡುಗೆಮನೆ ಮಾಡಿಸಿದ್ದಾರೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಕಂಕುಳಲ್ಲಿ ಮೈಕಾ ತುಂಡು ಅವುಚಿಕೊಂಡು ನನ್ನ ಹಿಂದೆ ಕೂತರು.

ಹನೂರಿನ ಮನೆಯವರು "ಬನ್ನಿ ಬನ್ನಿ, ಕೂತ್ಕಳಿ" ಎನ್ನುವುದರೊಳಗೆ ಮಾವ ಅಡುಗೆಮನೆಯಲ್ಲಿದ್ದರು. ಆ ಮನೆಯಾಕೆ ಹಪ್ಪಳ ಕರಿಯುತ್ತಿದ್ದರು.

"ತಾಯಿ, ಒಸಿ ಆ ಬಾಗಿಲ ಮುಂದೆ ನಿಂತ್ಕಳಿ. ಆಳು ನಿಂತ್ರೇ ಬಣ್ಣ ಎದ್ದು ಕಾಣ್ತದಾ ಇಲ್ವಾ ಗೊತ್ತಾಗೋದು. ಒಂಚೂರು ಎಡಕ್ಕೆ ಬನ್ನಿ. ಇನ್ನೊಂಚೂರು."

ಆಕೆ ಎಡಕ್ಕೆ ಬಂದರು. ಇತ್ತ ಹಪ್ಪಳ ಸೀದುಹೋಯಿತು. ಮಾವ ಸೀದ ಹಪ್ಪಳವನ್ನೂ ಎತ್ತಿ ಬಾಗಿಲಿಗೆ ಹಿಡಿದು ನೋಡಿದರು, ಹೊಂದಲಿಲ್ಲ. ಆಮೇಲೆ ಕಾಫಿ ಬಂತು. ಮಾವ ಕುಡಿಯಲಿಲ್ಲ. ಮೈಕಾ ತುಂಡನ್ನು ಲೋಟದ ಪಕ್ಕ ಹಿಡಿದು ಕಣ್ಣು ಕಿರಿದು ಮಾಡಿ, "ಆಲು ಒಂದು ಚೂರು ಕಮ್ಮಿಯಾಯ್ತು" ಎಂದರು. ಆಕೆ ನೊಂದುಕೊಂಡು ಹಾಲು ತಂದು ಸುರಿದರು. "ಈಗ ಜಾಸ್ತಿಯಾಯ್ತು" ಎಂದು ಮಾವ ನಿಟ್ಟುಸಿರು ಬಿಟ್ಟರು. ಆ ಮನೆಯಿಂದ ನಮಗೆ ಮತ್ತೆ ಕರೆ ಬಂದಿಲ್ಲ.

ದಾರಿಯಲ್ಲಿ ಬೈಕ್ ನಿಲ್ಲಿಸಿ ಅತ್ತೆಗೆ ಫೋನ್ ಮಾಡಿ ಕೊಟ್ಟೆ. "ಏನು, ಬಿಳೀದು ಸಿಕ್ತಾ?" ಎಂದರು ಆ ಕಡೆಯಿಂದ. "ಅದೆಲ್ಲ ಇರ್ಲಿ, ರಾತ್ರಿಗೆ ಏನ್ ಮಾಡಿದ್ದೀಯೆ?" ಎಂದರು ಮಾವ.

ಇನ್ನೊಮ್ಮೆ ಒಡೆಯರಪಾಳ್ಯಕ್ಕೆ ಹೋಗಿದ್ದೆವು. ಅಲ್ಲಿನ ಟಿಬೆಟಿಯನ್ನರ ಗುಡಿಯ ಬಾಗಿಲು, ಕಂಬಗಳ ಬಣ್ಣ ನೋಡಿದ ಮಾವ ಹೊತ್ತು ಹೋದದ್ದೇ ತಿಳಿಯದೆ ನಿಂತುಬಿಟ್ಟರು. ಕೆಂಪು, ನೀಲಿ, ಹಳದಿ, ಹಸಿರು ಒಂದರ ಪಕ್ಕ ಒಂದು ಕೂತರೂ ಜಗಳವಾಡುತ್ತಿಲ್ಲವಲ್ಲ ಎಂಬುದೇ ಅವರಿಗೆ ಸೋಜಿಗ. ಮನೆಗೆ ಬಂದವರೇ ಅಡುಗೆಮನೆಗೂ ಅದನ್ನೇ ಮಾಡಿಸುತ್ತೇನೆಂದು ಕೂತರು.

ಅತ್ತೆ ಕೇಳಿದರು: "ಆಮೇಲೆ ಅಲ್ಲಿ ನಾನು ಮುದ್ದೆ ತೊಳಸ್ಲಾ, ಕೈ ಮುಗೀಲಾ?"

ಆ ಆಸೆ ಅಲ್ಲಿಗೆ ಬಿತ್ತು. ಅತ್ತೆ ಮಾತ್ರ ಸುಮ್ಮನೆ, ತಟ್ಟೆಗೆ ಅನ್ನ ಬಡಿಸುತ್ತ, ಇನ್ನೊಮ್ಮೆ ಹೇಳಿದರು, "ಬಿಳೀದು ಸಾಕಾಗಿತ್ತು." ನನಗೆ ಕೇಳಿಸಿತು. ಮಾವ ತಟ್ಟೆಯ ಅಂಚನ್ನು ನೋಡುತ್ತಿದ್ದರು.

ಯಳಂದೂರಿನ ಅಂಗಡಿಯಲ್ಲಿ ನಡೆದದ್ದನ್ನು ನಾನು ಯಾರಿಗೂ ಹೇಳಬಾರದೆಂದಿದ್ದೆ. ನಾನಿರುವ ಊರು, ನಾಳೆ ತಲೆಯೆತ್ತಿ ಓಡಾಡಬೇಕು. ಮಾವ ಒಳಗೆ ಹೋಗಿ ಆಳೆತ್ತರದ ಮೈಕಾ ಹಾಳೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಮ್ಯಾಟ್ ಎಂಬ ಮಿರುಗದ ಹಾಳೆಗಳನ್ನು "ಒಗೆದೂ ಒಗೆದೂ ಅಳೇವಾದವು" ಎಂದು ತಳ್ಳಿಹಾಕಿದರು. ಗ್ಲಾಸಿ ಹಾಳೆಗಳ ಮುಂದೆ ನಿಂತಾಗ ಮುಖ ಅರಳಿತು. ಮಿರುಗದ್ದು ಯಾವ ರೇಷ್ಮೆ? ಸರಿ, ಒಂದನ್ನು ಆರಿಸುತ್ತಾರೆ ಎಂದು ಅಂಗಡಿಯವರು ಕಾದರೆ, ಮಾವ ಹೇಳಿದ್ದು, "ಎಲ್ಲಾನೂ ಬಾಗಿಲಿಗೆ ತನ್ನಿ."

ಬಾಗಿಲಲ್ಲಿ ಮರದ ನೆರಳಿತ್ತು. ಹಾಗಾಗಿ ಹಾಳೆಗಳು ಬೀದಿಗೆ ಬಂದವು. ಅಂಗಡಿಯ ಇಬ್ಬರು ಒಂದೊಂದನ್ನೂ ಎರಡೂ ತುದಿಗೆ ಹಿಡಿದು ನಿಂತರು. ಗಾಳಿ ಬೀಸಿತು, ಹಾಳೆ ಹಾಯಿಯಂತೆ ಉಬ್ಬಿತು, ಹಿಡಿದವರು ರಸ್ತೆಗೆ ಅಡ್ಡವಾದರು, ಹಿಂದೆ ಬಸ್ಸು ನಿಂತಿತು. ಡ್ರೈವರ್ ಹಾರನ್ ಹೊಡೆದ. ಮಾವ ಕೈಯೆತ್ತಿ, "ಒಂದ್ ನಿಮಿಷ ತಡಿಯಪ್ಪ, ಮೋಡ ಸರೀಲಿ" ಎಂದರು. ಕಂಡಕ್ಟರ್ ಕೆಳಗಿಳಿದ. ಜಗಳಕ್ಕೆ ಅಂದುಕೊಂಡೆ. ಅವನು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಸಾ, ಇದ್ಕಿಂತ ಆಗಿನ ನೀಲೀದೇ ಚೆನ್ನಾಗಿತ್ತು" ಎಂದ. ಕಿಟಕಿಗಳಿಂದ ಹೆಂಗಸರೂ ಅದನ್ನೇ ಅಂದರು. ನಾನು ಹೆಲ್ಮೆಟ್ ಹಾಕಿಕೊಂಡು ಮುಖ ಮುಚ್ಚಿಕೊಂಡೆ.

ಹಾಗೆ ಬೀದಿಯ ಬಿಸಿಲಿನಲ್ಲಿ, ಬಸ್ಸಿನ ಒಪ್ಪಿಗೆಯೊಂದಿಗೆ, ನವಿಲುಗೊರಳು ಬಣ್ಣ ಗೊತ್ತಾಯಿತು. ನಿಜ ಹೇಳಬೇಕೆಂದರೆ ಅದ್ಭುತವಾಗಿತ್ತು. ನೀಲಿಯೊಳಗೆ ಹಸಿರು, ಹಸಿರಿನೊಳಗೆ ಮಿಂಚು. ಮಾವ ಮದುಮಗಳನ್ನು ಕರೆತರುವವರಂತೆ ಅದನ್ನು ಕೊಳ್ಳೇಗಾಲಕ್ಕೆ ಕರೆತಂದರು.

ಆಚಾರಿ ಬಾಗಿಲುಗಳನ್ನು ಕೂರಿಸಿದ. ನಾವೆಲ್ಲ ಅಡುಗೆಮನೆಯಲ್ಲಿ ಒತ್ತೊತ್ತಾಗಿ ನಿಂತೆವು. ಮಾವ ಟ್ಯೂಬ್‌ಲೈಟ್ ಹಾಕಿದರು.

ನವಿಲು ಎಲ್ಲಿ? ಗೋಡೆ ತುಂಬ ರೊಟ್ಟಿ ಹೆಂಚಿನ ತಳ! ಹಗಲ ಬೆಳಕೇ ಬಾರದ ಕೋಣೆಯ ಬಣ್ಣವನ್ನು ಹಗಲ ಬೆಳಕಿಗೆ ಹಿಡಿದು ಆರಿಸಿದ್ದರು ನಮ್ಮ ಮಾವ. ಸೀರೆ ಉಟ್ಟವಳು ಬಾಗಿಲು ದಾಟಿ ಬಿಸಿಲಿಗೆ ಹೋಗುತ್ತಾಳೆ. ಅಡುಗೆಮನೆ ಎಲ್ಲಿಗೆ ಹೋಗುತ್ತದೆ?

ಮಾವ ಒಂದು ಬಾಗಿಲನ್ನು ಕಳಚಿಸಿ ಬೀದಿಗೆ ಹೊತ್ತೊಯ್ದರು. ಅಕ್ಕಪಕ್ಕದವರನ್ನು ಕರೆದು, "ನೋಡಿ, ಬಣ್ಣದ್ದೇನೂ ತಪ್ಪಿಲ್ಲ" ಎಂದು ಸಾಬೀತು ಮಾಡಿದರು. ಎಲ್ಲರೂ ತಲೆದೂಗಿದರು.

ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು: "ಒಲೆನೂ ಅಲ್ಗೇ ಎತ್ಕಂಡು ಬರ್ಲಾ?"

ಆಮೇಲಿನ ದಿನಗಳಲ್ಲಿ ಅತ್ತೆ ಆ ಕತ್ತಲಲ್ಲಿ ತಡಕಾಡುತ್ತಿದ್ದರು. ಸಾಸಿವೆ ಎಂದು ರಾಗಿ ಸಿಡಿಸಿದರು, ಒಮ್ಮೆ ಹಣೆಗೆ ಬಾಗಿಲು ಬಡಿಸಿಕೊಂಡರು. ಗ್ಲಾಸಿಯ ಮೇಲೆ ಬೆರಳಿನ ಗುರುತು ನಿಲ್ಲುತ್ತಿತ್ತು, ಸೆರಗಿನಲ್ಲಿ ಒರೆಸಿದ್ದೂ ಒರೆಸಿದ್ದೇ. ದೂರಲಿಲ್ಲ. ಹಣೆಯ ಗಾಯ ಕಂಡ ದಿನ ಮಾವನೇ ಸೋತರು. "ಆಯ್ತು ಕಣೆ. ಬಿಳೀದೇ ಆಕ್ಸುವ."

ಅತ್ತೆಗೆ ಎಂಥ ಖುಷಿ! ನನಗೆ ಅವರೇ ಫೋನ್ ಮಾಡಿ ಹೇಳಿದರು. ಇನ್ನೇನು, ಬಿಳಿ ತಾನೆ, ವಾರದಲ್ಲಿ ಮುಗಿಯುತ್ತದೆ ಎಂದುಕೊಂಡೆವು. ಆದರೆ ಯಾರ ಮುಂದೆ ಬಿಳಿ ಅಂದಿದ್ದೇವೆ?

"ಯಾವ ಬಿಳಿ?" ಎಂದರು ಮಾವ.

ಹಾಲಿನ ಬಿಳಿಯೋ, ಮಜ್ಜಿಗೆಯದೋ? ಮಲ್ಲಿಗೆಯದೋ, ಅದರ ಮೊಗ್ಗಿನದೋ? ಹಸಿ ರೇಷ್ಮೆಯದೋ, ಕುದಿಸಿ ಅಂಟು ತೆಗೆದ ರೇಷ್ಮೆಯದೋ? ಒಮ್ಮೆ ತಪ್ಪಿದ ಮನುಷ್ಯ, ಈ ಸಲ ಹೆಂಡತಿಗೆ ಸರಿಯಾದದ್ದನ್ನೇ ಕೊಡಬೇಕೆಂಬ ಹಟ. ಈಗ ಕಾನೂನು ಬದಲಾಗಿತ್ತು. ತುಂಡುಗಳನ್ನು ತಂದು ಟ್ಯೂಬ್‌ಲೈಟಿನ ಕೆಳಗೇ ಇಟ್ಟು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುತ್ತಿದ್ದರು. ಒಂದು ಬಿಳಿ ನೀಲಿಗೆ ಜಾರುತ್ತದೆ ಅಂದರು. ಇನ್ನೊಂದು ರೋಗಿಷ್ಟ ಅಂದರು. ನಾನು ಭಾನುವಾರಗಳಲ್ಲಿ ಫೋನ್ ಎತ್ತುವುದನ್ನೇ ಬಿಟ್ಟೆ. ಬೇಸಿಗೆ ಕಳೆದು ಮಳೆ ಹಿಡಿಯಿತು, ಮಳೆ ಕಳೆದು ಹುರುಳಿ ಕಟಾವಿಗೆ ಬಂತು. ಕತ್ತಲ ಬಾಗಿಲುಗಳು ಹಾಗೇ ಇದ್ದವು.

ಒಂದು ಬೆಳಿಗ್ಗೆ ಹಾಲಿಳಿಸಲು ಹೋದ ಅತ್ತೆಯ ಬಲಗೈ ಏಳಲಿಲ್ಲ. ಪಾತ್ರೆ ಬಿದ್ದ ಸದ್ದಿಗೆ ಮಾವ ಓಡಿಬಂದಾಗ ಅತ್ತೆಯೂ ನೆಲದ ಮೇಲಿದ್ದರಂತೆ. ಲಕ್ವ ಹೊಡೆದಿತ್ತು.

ನಾನು ಮೈಸೂರಿನ ಆಸ್ಪತ್ರೆಗೆ ಹೋದಾಗ ಮಾವ ವರಾಂಡದಲ್ಲಿ ನಿಂತು ಆಚಾರಿಗೆ ಫೋನ್ ಮಾಡುತ್ತಿದ್ದರು. "ಅವಳು ಮನೆಗೆ ಬರೋದ್ರೊಳ್ಗೆ ಬಿಳೀದು ಆಕ್ಬುಡಪ್ಪ."

ಆಚಾರಿಯ ದನಿ ನನಗೂ ಕೇಳಿಸಿತು. "ಯಾವ ಬಿಳಿ ಸಾ?"

"ಯಾವ್ದಾದ್ರೂ," ಎಂದರು ಮಾವ.

ಆ ಬಾಯಲ್ಲಿ ಆ ಮಾತು ಕೇಳುವ ಕಾಲ ಬಂತಲ್ಲ! ಗ್ಲಾಸಿನೋ ಮ್ಯಾಟೋ ಎಂದು ಆಚಾರಿ ಮತ್ತೆ ಕೇಳಿದ. ಮಾವ ಫೋನ್ ಹಿಡಿದುಕೊಂಡೇ ಒಳಗೆ ಹೋಗಿ, ಹಾಸಿಗೆಯ ಪಕ್ಕ ಬಗ್ಗಿ, "ಮಿರುಗೋದು ಬೇಕಾ, ಮಿರುಗದ್ದು ಬೇಕಾ? ನಿಂಗ್ಯಾವ್ದು ಇಷ್ಟ, ಏಳು" ಎಂದರು. ಅತ್ತೆಯ ನಾಲಿಗೆ ಆಗಿನ್ನೂ ಸರಿಯಾಗಿ ತಿರುಗುತ್ತಿರಲಿಲ್ಲ. ತಡೆದು ತಡೆದು ಹೇಳಿದರು. "ನಿಮ್ಗೆ... ಒರ್ಸಕ್ಕೆ... ಸುಲ್ಬಾಗಿರೋದು."

ಈಗ ಅತ್ತೆಗೆ ಮಾತು ತಿರುಗಿ ಬಂದಿದೆ. ಕೈ ಬಂದಿಲ್ಲ, ಕಾಲು ಅರ್ಧ ಬಂದಿದೆ. ಬಾಗಿಲುಗಳೆಲ್ಲ ಬಿಳಿಯಾಗಿವೆ, ಮಿರುಗದ ಬಿಳಿ. ಅಲ್ಲಿ ಅತ್ತೆ ಒಂದು ದಿನವೂ ನಿಂತು ಒಗ್ಗರಣೆ ಹಾಕಲಿಲ್ಲ. ಕಳೆದ ಭಾನುವಾರ ಹೋದಾಗ ಮಾವ ಅಕ್ಕಿ ತೊಳೆಯುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದರು. "ಊರ ಎಣ್ಮಕ್ಕಳ್ನೆಲ್ಲ ನಿಂಗ್ಯಾವ ಬಣ್ಣ ಇಷ್ಟ ಅಂತ ಕೇಳ್ದೆ ಕಣ್ಲಾ. ಇವಳ್ನ ಕೇಳ್ಲಿಲ್ಲ. ಅವಳಾಗೇ ಏಳಿದ್ರೂ ಕಿವಿಗ್ ಆಕ್ಕಳ್ಲಿಲ್ಲ."

ನಾನು ಅಕ್ಕಿಯ ನೀರು ಬಸಿದುಕೊಟ್ಟೆ.

ಹಜಾರದಲ್ಲಿ ಅತ್ತೆಯ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ನೇರವಾಗಿ ಹಾಕಿದ್ದಾರೆ. ಅಲ್ಲಿಂದಲೇ ಅವರು ಮಾವನ ಅಡುಗೆ ನಡೆಸುತ್ತಾರೆ. ಉಪ್ಪು ಸಾಕು, ಉರಿ ಸಣ್ಣಗೆ ಮಾಡಿ, ಸೌಟು ಅಲ್ಲಲ್ಲ ಇಡೋದು.

"ಕಣ್ಣು ಮಂಜಲ್ವಾ ಅತ್ತೆ, ಇಷ್ಟು ದೂರದಿಂದ ಏನು ಕಾಣುತ್ತೆ ನಿಮಗೆ?" ಎಂದೆ.

"ಮೊದ್ಲು ಕಾಣ್ತಿರ್ಲಿಲ್ಲ ಮಗ. ಆ ಕತ್ತಲ ಬಾಗ್ಲಿದ್ದಾಗ ಇವರು ಒಳಗವ್ರಾ ಇಲ್ವಾ ಅಂತನೇ ತಿಳೀತಿರ್ಲಿಲ್ಲ." ಆಮೇಲೆ ಒಳಗೆ ನೋಡಿ, ಎಡಗೈಯನ್ನು ಸ್ವಲ್ಪ ಎತ್ತಿದರು. "ರೀ, ಒಂಚೂರು ಎಡಕ್ಕೆ ಬನ್ನಿ."

ಮಾವ ಸೌಟು ಹಿಡಿದುಕೊಂಡೇ ಎಡಕ್ಕೆ ಬಂದರು. ಹಿಂದೆ ಬಿಳಿ ಬಾಗಿಲು, ಮುಂದೆ ಅವರ ಕಪ್ಪು ಮೈ, ಹೆಗಲಿಗೆ ಒರೆಸುವ ಬಟ್ಟೆ.

"ಇನ್ನೊಂಚೂರು."

ಬಂದರು.

"ಆ. ಅಲ್ಲೇ ಇರಿ," ಎಂದರು ಅತ್ತೆ. "ಈಗ ಎದ್ದು ಕಾಣ್ತೀರಿ."

ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಮಾವ ಅಲ್ಲಾಡಲಿಲ್ಲ.